ಮರಳಲ್ಲಿ ಹೂತಿದ್ದ ಹಳೇ ಕಾರಿಗೆ ಯಾವ ತುಕ್ಕುಮದ್ದು? ಡಬ್ಬಿಗಳಿಗೊಂದು ಉಪ್ಪಿನ ಪರೀಕ್ಷೆ

ತುಕ್ಕು ತೆಗೆಯುವ ದ್ರಾವಣ, ತುಕ್ಕನ್ನು ಕಪ್ಪಗೆ ಮಾಡುವ ಕನ್ವರ್ಟರ್, ತುಕ್ಕಿನ ಮೇಲೇ ಬಳಿಯಬಹುದಾದ ಪೇಂಟ್, ಜಾಮ್ ಆದ ಬೋಲ್ಟಿಗೆ ಹೊಡೆಯುವ ಸ್ಪ್ರೇ. ಇವುಗಳಿಗೆ ಸಿಕ್ಕಿರುವ ಹೊಗಳಿಕೆ ಹೆಚ್ಚಾಗಿ ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿದ ಗಾಡಿಗಳ ಮೇಲೆ ಗಳಿಸಿದ್ದು. ಬಾಗಿಲ ಮಟ್ಟಕ್ಕೆ ಮರಳು ತುಂಬಿಕೊಂಡು, ಅಲೆಯ ಹನಿ ಕುಡಿಯುತ್ತ ವರ್ಷಗಟ್ಟಲೆ ಕಡಲ ದಂಡೆಯಲ್ಲಿ ಬಿದ್ದಿದ್ದ ಕಾರಿನ ಮುಂದೆ ಅದೇ ಡಬ್ಬಿಗಳನ್ನು ಇಟ್ಟು ನೋಡಿದರೆ ಅಂಕಪಟ್ಟಿ ತಲೆಕೆಳಗಾಗುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ತುಕ್ಕನ್ನಷ್ಟೇ ತೆಗೆಯುತ್ತದೋ, ಉಪ್ಪನ್ನೂ ತೆಗೆಯುತ್ತದೋ? ಈ ವಿಮರ್ಶೆಯ ಅಳತೆಗೋಲು ಅದೇ.

ಉಪ್ಪಿಗೆ ಯಾಕಿಷ್ಟು ಮಹತ್ವ ಅಂದರೆ, ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿರುವ ಸೋಡಿಯಂ ಕ್ಲೋರೈಡ್ ಗಾಳಿಯ ತೇವ ಶೇಕಡ 75 ದಾಟಿದರೆ ತಾನೇ ನೀರು ಹೀರಿ ದ್ರವವಾಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಅಂದರೆ ಕಾರನ್ನು ಒಣ ಶೆಡ್ಡಿಗೆ ತಂದು ನಿಲ್ಲಿಸಿದರೂ ತಗಡಿನ ಗುಳಿಗಳ ತಳದಲ್ಲಿ ತೇವ ಆರುವುದೇ ಇಲ್ಲ. ಉಬ್ಬಿದ ತುಕ್ಕಿನ ಹೊಪ್ಪಳೆಯೊಂದನ್ನು ಉಳಿಯಿಂದ ಎಬ್ಬಿಸಿ ನೋಡಿ: ಮೇಲೆ ಕಂದು ಪುಡಿ, ಅದರ ಕೆಳಗೆ ಗಟ್ಟಿಯಾದ ಕರಿ ಪದರ, ಅದೂ ಕಳಚಿದ ಮೇಲೆ ಸಾಸಿವೆ ಗಾತ್ರದ ಗುಳಿಯಲ್ಲಿ ಒದ್ದೆ ಒದ್ದೆಯಾಗಿ ಮಿನುಗುವ ಲೋಹ. ಆ ಒದ್ದೆ ಬರೀ ನೀರಲ್ಲ, ಆಮ್ಲ. ಕ್ಲೋರೈಡ್ ಅಯಾನುಗಳು ಗುಳಿಯ ತಳಕ್ಕೆ ಇಳಿದು ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿಸುತ್ತವೆ, ಆಮ್ಲ ಕಬ್ಬಿಣವನ್ನು ತಿನ್ನುತ್ತದೆ, ಕ್ಲೋರೈಡ್ ಖರ್ಚಾಗದೆ ಮತ್ತೆ ಅದೇ ಕೆಲಸಕ್ಕೆ ಇಳಿಯುತ್ತದೆ. ಬಡ್ಡಿಯ ಮೇಲೆ ಬಡ್ಡಿ. ಮೇಲಿನ ಕಂದನ್ನು ಎಷ್ಟು ಚೆಂದಾಗಿ ತಿಕ್ಕಿದರೂ ಈ ತಳ ಮುಟ್ಟದಿದ್ದರೆ ಬೂದಿ ಮುಚ್ಚಿದ ಕೆಂಡವೇ ಗತಿ.

ಡಬ್ಬಿ ತೆರೆಯುವ ಮೊದಲು

ಕಾರಿನ ಮಾಲೀಕತ್ವದ ಕಾಗದ ಸರಿಯಿದೆಯೇ, ಚಾಸಿ ನಂಬರು ಓದಲು ಬರುತ್ತದೆಯೇ ಎನ್ನುವುದು ಮೊದಲ ಕೆಲಸ. ನಂಬರು ಒತ್ತಿದ ಜಾಗಕ್ಕೆ ಗ್ರೈಂಡರಾಗಲಿ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ಉಜ್ಜುವುದು) ಆಗಲಿ ತಾಗಿಸಬಾರದು. ಪೇಂಟ್ ರಿಮೂವರ್ ಮತ್ತು ಹಿತ್ತಾಳೆ ಬ್ರಷ್ಷಿನಲ್ಲಿ ಮಾತ್ರ ತೆರೆಯಬೇಕು. ಅಕ್ಷರ ಅಳಿಸಿಹೋದರೆ ಮುಂದೆ ನೋಂದಣಿಯ ತಲೆನೋವು ತುಕ್ಕಿಗಿಂತ ದೊಡ್ಡದು.

ಆಮೇಲೆ ಸುತ್ತಿಗೆ, ಸ್ಕ್ರೂಡ್ರೈವರ್, ಅಯಸ್ಕಾಂತ. ಹಳೇ ಕಾರುಗಳ ಬಾಡಿ ತಗಡು ಸಾಮಾನ್ಯವಾಗಿ 0.8ರಿಂದ 1.2 ಮಿ.ಮೀ. ದಪ್ಪ. ಅಷ್ಟು ತೆಳು ತಗಡಿನಲ್ಲಿ ಅರ್ಧ ಮಿಲಿಮೀಟರ್ ಗುಳಿ ಬಿದ್ದರೆ ಉಳಿಯುವುದು ಹೆಸರಿಗಷ್ಟೇ ತಗಡು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕಣಕಣ ಅಂದರೆ ಲೋಹ ಇದೆ, ಡಬ್ ಅಂದರೆ ಇಲ್ಲ. ಬಾಗಿಲ ಕೆಳಗಿನ ಸಿಲ್, ಫ್ಲೋರ್, ಸ್ಪ್ರಿಂಗ್ ಕೂರುವ ಜಾಗ, ಚಾಸಿಯ ಪೆಟ್ಟಿಗೆ ಭಾಗ ಇವಿಷ್ಟನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಪೆಟ್ಟಿಗೆ ಚಾಸಿ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಒದ್ದೆ ಮರಳು ಸಿಮೆಂಟಿನಂತೆ ಕುಳಿತಿರುತ್ತದೆ. ಡ್ರೈನ್ ರಂಧ್ರದಿಂದ ಎಂಡೋಸ್ಕೋಪ್, ಅಂದರೆ ತೆಳು ಕೇಬಲ್ಲಿನ ತುದಿಯ ಕ್ಯಾಮೆರಾ ಇಳಿಸಿದರೆ ಹತ್ತು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಈ ಪಟ್ಟಿಯಲ್ಲಿ ಅತಿ ಹೆಚ್ಚು ಖರ್ಚು ಉಳಿಸುವ ಉಪಕರಣ ಅದೇ.

ಮಾಡೆಲ್ ಗೊತ್ತಿರುವುದೂ ಮುಖ್ಯ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಆದರೆ ಎಂಜಿನ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಉಪ್ಪು ನೀರು ಕಂಡರೆ ಅದು ಸುಣ್ಣದಂತೆ ಬಿಳಿ ಪುಡಿಯಾಗಿ ಉದುರುತ್ತದೆ. ಹಳೇ ಸೀರೀಸ್ ಲ್ಯಾಂಡ್ ರೋವರ್ ಆದರೆ ಬಾಡಿ ಅಲ್ಯೂಮಿನಿಯಂ ಮಿಶ್ರಲೋಹ, ಚಾಸಿ ಉಕ್ಕು. ಎರಡೂ ಕೂಡುವ ಕಡೆ ಉಪ್ಪುನೀರು ಸೇರಿ ಬ್ಯಾಟರಿಯಂತೆ ಕೆಲಸ ಮಾಡಿ, ಅಲ್ಯೂಮಿನಿಯಂ ಮೊದಲು ಕರಗುತ್ತದೆ. ಇಂಥ ಭಾಗಗಳಿಗೆ ಕೆಳಗಿನ ಅರ್ಧಕ್ಕರ್ಧ ಮದ್ದುಗಳು ವಿಷ.

ಸಿಹಿನೀರು: ಮೊದಲ ದರ್ಜೆ

ಎಲ್ಲಕ್ಕಿಂತ ಹೆಚ್ಚು ಅಂಕ ಕೊಡಬೇಕಾದ್ದು ಡಬ್ಬಿಯಲ್ಲಿ ಬರುವುದೇ ಇಲ್ಲ. ಸೀಟು, ಟ್ರಿಮ್, ಸೌಂಡ್ ಪ್ಯಾಡ್ ಕಿತ್ತು ಹಾಕಿ, ಪ್ರತಿ ಪೊಳ್ಳಿಗೂ ಪೈಪ್ ತೂರಿಸಿ ತೊಳೆಯಬೇಕು. ಒಮ್ಮೆ ಜೋರಾಗಿ ತೊಳೆದು ಬಿಟ್ಟರೆ ಮೇಲಿನ ಮರಳು ಹೋಗುತ್ತದೆ ಅಷ್ಟೇ. ಉಪ್ಪು ತುಕ್ಕಿನ ಪದರದೊಳಗಿಂದ ನಿಧಾನವಾಗಿ ಊರಿ ಹೊರಬರಬೇಕು. ಹಾಗಾಗಿ ಮೊದಲು ಕಟ್ಟಿಕೊಂಡ ಹೊಪ್ಪಳೆಗಳನ್ನು ಸುತ್ತಿಗೆ, ಸ್ಕ್ರೇಪರಿನಲ್ಲಿ ಉದುರಿಸಿ, ತೊಳೆದು, ಒಂದು ದಿನ ಬಿಟ್ಟು, ಮತ್ತೆ ತೊಳೆದು, ಹೀಗೆ ಐದಾರು ಸುತ್ತು. ಬಿಸಿನೀರಾದರೆ ಉಪ್ಪು ಬೇಗ ಬಿಡುತ್ತದೆ. ತುಕ್ಕು ಉದುರಿಸದೆ ಬರೀ ನೀರು ಹೊಡೆಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಯಾವಾಗ ನಿಲ್ಲಿಸಬೇಕು? ಕುಡಿಯುವ ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಟಿಡಿಎಸ್ ಮೀಟರ್ ಇಲ್ಲಿ ಬಂಗಾರ. ಹೋಗುವ ನೀರಿನ ಅಂಕಿ ಬರೆದುಕೊಳ್ಳಿ, ಪೊಳ್ಳಿನಿಂದ ಹೊರಬರುವ ಕೊನೆಯ ನೀರನ್ನು ಲೋಟದಲ್ಲಿ ಹಿಡಿದು ಅದರ ಅಂಕಿ ನೋಡಿ. ವ್ಯತ್ಯಾಸ ನೂರುಗಳಲ್ಲಿದ್ದರೆ ಕೆಲಸ ಬಾಕಿ ಇದೆ, ಇಪ್ಪತ್ತು ಮೂವತ್ತಕ್ಕೆ ಇಳಿದರೆ ಮುಂದಿನ ಹೆಜ್ಜೆಗೆ ಹೋಗಬಹುದು. ನೀರು ಹರಿಯುತ್ತಿರುವಾಗಲೇ ಹಿಡಿದರೆ ಅಂಕಿ ಸುಳ್ಳು ಹೇಳುತ್ತದೆ. ಪೊಳ್ಳಿನಲ್ಲಿ ಅರ್ಧ ಗಂಟೆ ನಿಂತ ನೀರನ್ನೇ ಹಿಡಿಯಬೇಕು. ಹಡಗು ಕಟ್ಟುವವರು ಇದಕ್ಕೆ ಬ್ರೆಸ್ಲೆ ಪ್ಯಾಚ್ ಎಂಬ ಅಂಟುಪಟ್ಟಿ ಬಳಸುತ್ತಾರೆ, ಹಡಗಿನ ಬ್ಯಾಲಾಸ್ಟ್ ಟ್ಯಾಂಕಿಗೆ (ಸಮತೋಲಕ್ಕೆ ಸಮುದ್ರದ ನೀರು ತುಂಬುವ ತೊಟ್ಟಿ) ಬಣ್ಣ ಬಳಿಯುವ ಮೊದಲು ಚದರ ಮೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚು ಉಪ್ಪು ಇರಬಾರದೆಂಬುದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಿಯಮ. ಒಂದು ಚಿಟಿಕೆಯೂ ಅಲ್ಲ! ಕಣ್ಣಂದಾಜಿಗೆ ಸಿಗುವ ಪ್ರಮಾಣವಲ್ಲ ಎಂದು ತಿಳಿಯಲು ಆ ಅಂಕಿ ಸಾಕು.

ಬೋಲ್ಟ್ ಬಿಡಿಸುವ ಎಣ್ಣೆಗಳು

ಡಬ್ಲ್ಯುಡಿ-40 ಎಲ್ಲರ ಕೈಗೂ ಸಿಗುವ ಡಬ್ಬಿ. ಅದರ ಹೆಸರಲ್ಲೇ ಅದರ ಕೆಲಸ ಇದೆ: ನೀರನ್ನು ತಳ್ಳುವ ದ್ರವ, 40ನೇ ಪ್ರಯತ್ನಕ್ಕೆ ಸಿಕ್ಕ ಸೂತ್ರ. 1953ರ ಕೂಸು, ಮೊದಲು ಬಳಕೆಯಾದದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ. ತೊಳೆದ ಭಾಗದಿಂದ ನೀರು ಓಡಿಸಲು ಇದು ಈಗಲೂ ಚೆನ್ನ. ವರ್ಷಗಟ್ಟಲೆ ಉಪ್ಪಲ್ಲಿ ಬೆಸೆದುಹೋದ ಬೋಲ್ಟಿಗೆ ಮಾತ್ರ ಇದರ ಸಾಮಾನ್ಯ ಡಬ್ಬಿ ಸಾಲದು. ಅದೇ ಬ್ರ್ಯಾಂಡಿನ, ಸಂದಿಗೆ ಇಳಿಯುವ ಪೆನೆಟ್ರಂಟ್ ಡಬ್ಬಿ ಬೇರೆ, ಅದನ್ನೇ ಕೇಳಿ ತರಬೇಕು.

ಗ್ಯಾರೇಜಿನವರ ಹಳೇ ಮಿಶ್ರಣ, ಆಟೊಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮಸಮ, ಇದರ ಮುಂದೆ ಮೇಲೇ. ದೋಷ ಎರಡು. ಎರಡೂ ಪೂರ್ತಿ ಬೆರೆಯುವುದಿಲ್ಲ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬೇಗ ಹಾರಿಹೋಗುತ್ತದೆ, ಬೆಂಕಿಗೆ ಹತ್ತಿರ, ಪೇಂಟು ರಬ್ಬರಿಗೆ ಶತ್ರು.

ಆದರೆ ಕಡಲ ಕಾರಿನ ಬೋಲ್ಟಿನ ವಿಷಯದಲ್ಲಿ ಎಣ್ಣೆಗಿಂತ ಶಾಖವೇ ದೊಡ್ಡದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಥ್ರೆಡ್ಡಿನ ಸಂದಿಯಲ್ಲಿ ಅದು ಬೆಣೆ ಹೊಡೆದಂತೆ ಕುಳಿತಿರುತ್ತದೆ. ಎಣ್ಣೆ ಇಳಿಯಲು ಸಂದಿಯೇ ಇಲ್ಲ. ನಟ್ಟನ್ನು ಮಂದ ಕೆಂಪಾಗುವಷ್ಟು ಕಾಯಿಸಿ, ಕೆಂಪು ಇಳಿದ ಮೇಲೆ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಬಿಚ್ಚುವ ದಿಕ್ಕಿಗೆ ಮಾತ್ರ ತಳ್ಳದೆ, ಕಾಲು ಸುತ್ತು ಹಿಂದೆ ಮುಂದೆ ಆಡಿಸಬೇಕು. ಕಿರ್ರ್ ಎಂಬ ಸದ್ದು ಒಳ್ಳೆಯದು, ಸ್ಪಂಜಿನಂತೆ ಮೆತ್ತಗೆ ತಿರುಗಿತೆಂದರೆ ಬೋಲ್ಟು ತಿರುಚಿ ಮುರಿಯುವ ಹಂತದಲ್ಲಿದೆ, ಅಲ್ಲೇ ನಿಲ್ಲಿಸಿ ಮತ್ತೆ ಕಾಯಿಸಿ. ಕೆಲವು ಹಳೇ ಕಾರುಗಳಲ್ಲಿ ಎಡಬದಿಯ ಚಕ್ರದ ನಟ್ಟಿಗೆ ಎಡ ಥ್ರೆಡ್ ಇರುತ್ತದೆ, ಅದನ್ನು ಗಮನಿಸದೆ ಇನ್ನಷ್ಟು ಬಿಗಿದು ಸ್ಟಡ್ ಮುರಿದುಕೊಳ್ಳುವುದು ಮಾಮೂಲು. ಇಂಧನ ಟ್ಯಾಂಕು ಮತ್ತು ಲೈನು ಇಳಿಸುವ ತನಕ ಬೆಂಕಿಯ ಮಾತೇ ಬೇಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಭಾಗಕ್ಕೆ ಬೆಂಕಿ ತೋರಿಸಿದರೆ ಫಾಸ್ಜೀನ್ ಎಂಬ ಪ್ರಾಣ ತೆಗೆಯುವ ಅನಿಲ ಹುಟ್ಟುತ್ತದೆ. ಕರೆಂಟಿನ ಸುರುಳಿಯಿಂದ ನಟ್ಟನ್ನು ಕಾಯಿಸುವ ಇಂಡಕ್ಷನ್ ಹೀಟರ್ ಸಿಕ್ಕಿದರೆ ಬೆಂಕಿಯಿಲ್ಲದೆ ಅದೇ ಕೆಲಸ. ಈ ವಿಭಾಗದಲ್ಲಿ ಮೊದಲ ಸ್ಥಾನ ಅದಕ್ಕೇ.

ಜಾಮ್ ಆದ ಎಂಜಿನ್ನಿಗೆ ಸ್ಟಾರ್ಟರ್ ಹೊಡೆಯುವುದು ದೊಡ್ಡ ತಪ್ಪು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಎಣ್ಣೆ ಮಿಶ್ರಣ ಸುರಿದು, ವಾರಗಟ್ಟಲೆ ನೆನೆಯಲು ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಎರಡೂ ಕಡೆ ಒಂದೆರಡು ಡಿಗ್ರಿ ಆಡಿಸುತ್ತ ಹೋಗಬೇಕು. ತಿರುಗಿತು ಅಂತ ಹಿಗ್ಗುವುದೂ ಬೇಡ. ಉಪ್ಪುನೀರು ಹೊಕ್ಕ ಎಂಜಿನ್ ತಿರುಗಿದರೂ ಬೇರಿಂಗ್, ರಿಂಗ್, ವಾಲ್ವ್ ಎಲ್ಲ ಬಿಚ್ಚಿ ನೋಡದೆ ಸ್ಟಾರ್ಟ್ ಮಾಡಿದರೆ ಒಂದೇ ನಿಮಿಷದಲ್ಲಿ ಮರಳು ತನ್ನ ಕೆಲಸ ಮುಗಿಸುತ್ತದೆ.

ಮುಳುಗಿಸುವ ದ್ರಾವಣಗಳು

ಇವಾಪೊ-ರಸ್ಟ್ ಮಾದರಿಯ ಕೀಲೇಶನ್ ದ್ರಾವಣಗಳು ಆಮ್ಲವಲ್ಲ. ಕಬ್ಬಿಣದ ಆಕ್ಸೈಡನ್ನು ಮಾತ್ರ ಹಿಡಿದೆಳೆದು ಒಳ್ಳೆಯ ಲೋಹವನ್ನು ಬಹುಮಟ್ಟಿಗೆ ಬಿಡುತ್ತವೆ, ವಾಸನೆಯಿಲ್ಲ, ಕೈಗೆ ತಾಗಿದರೆ ಸುಡುವುದಿಲ್ಲ. ಲಾಕ್, ಹಿಂಜ್, ಜ್ಯಾಕ್, ಸ್ವಿಚ್ಚಿನ ಲಿವರಿನಂಥ ಸೂಕ್ಷ್ಮ ಭಾಗಗಳಿಗೆ ಅಚ್ಚುಕಟ್ಟು ಕೆಲಸ. ಎಣ್ಣೆ ಜಿಡ್ಡು ಪೂರ್ತಿ ತೆಗೆದು, ಭಾಗವನ್ನು ಸಂಪೂರ್ಣ ಮುಳುಗಿಸಬೇಕು. ಅರ್ಧ ಮುಳುಗಿಸಿದರೆ ದ್ರವದ ಮಟ್ಟದಲ್ಲಿ ಲೋಹಕ್ಕೆ ಗೆರೆ ಕೊರೆದುಬಿಡುತ್ತದೆ. 20 ಡಿಗ್ರಿಗಿಂತ ತಣ್ಣಗಿದ್ದರೆ ಸೋಮಾರಿಯಾಗುತ್ತದೆ. ಇಂಗಾಲ ಹೆಚ್ಚಿರುವ ಉಕ್ಕು ಕಪ್ಪಗೆ ಹೊರಬರುತ್ತದೆ, ಅದು ಒರೆಸಿದರೆ ಹೋಗುವ ಮಸಿ, ದೋಷವಲ್ಲ.

ಕಡಲ ಕಾರಿಗೆ ಇದರ ಕೊರತೆ ಎಲ್ಲಿ ಅಂದರೆ, ದಪ್ಪ ಹೊಪ್ಪಳೆ ಹಾಗೇ ಇಟ್ಟು ಅದ್ದಿದರೆ ದ್ರಾವಣ ಬೇಗ ಕರ್ರಗಾಗಿ ಸತ್ತುಹೋಗುತ್ತದೆ. ಮತ್ತೆ, ಭಾಗ ಬಿಟ್ಟ ಉಪ್ಪು ಅದೇ ತೊಟ್ಟಿಯಲ್ಲಿ ಉಳಿಯುತ್ತದೆ. ಇಪ್ಪತ್ತನೇ ಭಾಗ ಅದ್ದುವ ಹೊತ್ತಿಗೆ ಅದು ಉಪ್ಪಿನ ಸಾರು. ಹೊರತೆಗೆದ ಮೇಲೆ ಬಿಸಿನೀರಿನ ಎರಡು ಸ್ನಾನ ಕೊಟ್ಟು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿದರಷ್ಟೇ ಈ ದ್ರಾವಣಕ್ಕೆ ಹಾಕಿದ ದುಡ್ಡು ಸಾರ್ಥಕ. ಮನೆಯಲ್ಲೇ ಮಾಡಿಕೊಳ್ಳುವ ರೂಪವೂ ಇದೆ: ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ, 40 ಗ್ರಾಂ ನೀರಿಲ್ಲದ ಸೋಡಿಯಂ ಕಾರ್ಬೊನೇಟ್ (ವಾಷಿಂಗ್ ಸೋಡಾದ ಒಣ ರೂಪ), ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ಉಕ್ಕಿ ಬರುತ್ತದೆ. ಕೊಂಡು ತರುವ ದ್ರಾವಣದಷ್ಟು ಸೌಮ್ಯವಲ್ಲ, ರಾತ್ರಿಯಿಡೀ ಮರೆತರೆ ಲೋಹದ ಹೊಳಪು ಮಂಕಾಗುತ್ತದೆ, ಆದರೆ ಉಪ್ಪು ತುಂಬಿದ ತೊಟ್ಟಿಯನ್ನು ಬೇಸರವಿಲ್ಲದೆ ಚೆಲ್ಲಿ ಹೊಸದು ಮಾಡಿಕೊಳ್ಳಬಹುದು. ಕಡಲ ಕಾರಿನ ಮಟ್ಟಿಗೆ ಅದೇ ಇದರ ಗೆಲುವು.

ಫಾಸ್ಫರಿಕ್ ಆಮ್ಲದ ಡಬ್ಬಿಗಳಿಗೆ ಅರ್ಧ ಅಂಕ. ಬಯಲಾದ ಪ್ಯಾನಲ್ ಮೇಲೆ ತೆಳು ತುಕ್ಕನ್ನು ಬೂದುಬಣ್ಣದ ಫಾಸ್ಫೇಟ್ ಮಾಡಲು ಸರಿ. ಎರಡು ತಗಡು ಕೂಡುವ ಮಡಿಕೆಯೊಳಗೆ ಇಳಿದು ಒಣಗಿತೋ, ಆರು ತಿಂಗಳ ನಂತರ ಹೊಸ ಪೇಂಟಿನ ಕೆಳಗಿಂದ ಅಂಟಂಟಾಗಿ ಹೊರಬರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನಂತೂ ಹತ್ತಿರ ಸೇರಿಸಬೇಡಿ. ಕ್ಷಣದಲ್ಲಿ ತುಕ್ಕು ಮಾಯ, ನಿಜ. ಆದರೆ ಅದು ಬಿಟ್ಟುಹೋಗುವುದು ಕ್ಲೋರೈಡನ್ನೇ. ಕಳ್ಳನನ್ನು ಓಡಿಸಲು ಅವನ ಅಣ್ಣನನ್ನು ಕರೆತಂದ ಹಾಗೆ.

ಟ್ಯಾನಿನ್ ಕನ್ವರ್ಟರುಗಳು, ಅಂದರೆ ಬಳಿದೊಡನೆ ತುಕ್ಕು ಕಪ್ಪಾಗುವ ಹಾಲಿನಂಥ ದ್ರವಗಳು, ಈ ಪರೀಕ್ಷೆಯಲ್ಲಿ ಫೇಲು. ಮೇಲಿನ ಪದರ ಕಪ್ಪಾಗಿ ಗಟ್ಟಿಯಾಗುತ್ತದೆ, ಗುಳಿಯ ತಳದ ಕ್ಲೋರೈಡ್ ಕದಲುವುದಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಕಪ್ಪು ಪದರದ ಮೇಲೆ ಕಂದು ಬೆವರಹನಿ ಕಾಣಿಸುತ್ತದೆ.

ವಿದ್ಯುತ್ ತೊಟ್ಟಿ: ನಿಜವಾದ ಗೆಲುವು

ಸಮುದ್ರದ ತಳದಿಂದ ಎತ್ತಿದ ಫಿರಂಗಿ, ಲಂಗರುಗಳಿಗೆ ಮ್ಯೂಸಿಯಂನವರು ಕೊಡುವ ಚಿಕಿತ್ಸೆಯೇ ಕಾರಿನ ಚಿಕ್ಕಪುಟ್ಟ ಭಾಗಗಳಿಗೂ ಅತ್ಯುತ್ತಮ. ಅಮೆರಿಕದ ಅಂತರ್ಯುದ್ಧದ ಕಾಲದ ಹಡಗು ಯುಎಸ್‌ಎಸ್ ಮಾನಿಟರ್‌ನ ತಿರುಗುವ ಫಿರಂಗಿ ಗೋಪುರವನ್ನು 2002ರಲ್ಲಿ ಮೇಲೆತ್ತಿದರು. ಅದರ ಉಪ್ಪು ಬಿಡಿಸುವ ಕೆಲಸ ಇಪ್ಪತ್ತು ವರ್ಷ ದಾಟಿಯೂ ನಡೆದಿತ್ತು. ಕಾರಿನ ಹಿಂಜಿಗೆ ಅಷ್ಟು ಕಾಯಬೇಕಿಲ್ಲ, ಆದರೆ ತತ್ವ ಒಂದೇ. ಭಾಗವನ್ನು ಋಣ ತುದಿಗೆ ಕಟ್ಟಿದಾಗ, ಋಣ ಅಯಾನಾದ ಕ್ಲೋರೈಡನ್ನು ವಿದ್ಯುತ್ತೇ ಲೋಹದಿಂದ ಹೊರಕ್ಕೆ ತಳ್ಳುತ್ತದೆ. ಇಲ್ಲಿರುವ ಮದ್ದುಗಳ ಪೈಕಿ ಉಪ್ಪನ್ನು ನೂಕುವ ಬಲ ಇರುವುದು ಇದಕ್ಕೊಂದಕ್ಕೇ.

ಪ್ಲಾಸ್ಟಿಕ್ ಡ್ರಮ್ಮು, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಹಳೇ ಮಾದರಿ ಬ್ಯಾಟರಿ ಚಾರ್ಜರ್. ಹೊಸ ಸ್ಮಾರ್ಟ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದೆ ಕರೆಂಟೇ ಬಿಡುವುದಿಲ್ಲ. ಭಾಗಕ್ಕೆ ಋಣ, ಸುತ್ತ ನಿಲ್ಲಿಸಿದ ಸಾದಾ ಕಬ್ಬಿಣದ ಪಟ್ಟಿಗಳಿಗೆ ಧನ. ಅದಲುಬದಲಾದರೆ ನಿಮ್ಮ ಭಾಗವೇ ಕರಗಿಹೋಗುತ್ತದೆ, ಹಾಗಾಗಿ ಸ್ವಿಚ್ ಹಾಕುವ ಮೊದಲು ಎರಡು ಸಲ ನೋಡಿ. ಕರೆಂಟು ಎದುರು ಕಂಡ ಮುಖವನ್ನೇ ಹೆಚ್ಚು ಸ್ವಚ್ಛ ಮಾಡುತ್ತದೆ, ಅದಕ್ಕೇ ಪಟ್ಟಿಗಳು ನಾಲ್ಕೂ ಕಡೆ ಇರಬೇಕು. ಹಿಂಜ್ ಗಾತ್ರದ ಭಾಗಕ್ಕೆ 2ರಿಂದ 5 ಆಂಪಿಯರ್ ಸಾಕು. ಹತ್ತಿಪ್ಪತ್ತು ಆಂಪಿಯರ್ ಹರಿಸಿದರೆ ಬಗ್ಗನೆ ಗುಳ್ಳೆ ಏಳುತ್ತದೆ, ನೋಡಲು ಖುಷಿ, ತುಕ್ಕು ಹೋಗಬಹುದು, ಉಪ್ಪಿಗೆ ಮಾತ್ರ ಸಮಯ ಬೇಕು. ಕಡಿಮೆ ಕರೆಂಟು, ಹೆಚ್ಚು ದಿನ, ನಡುನಡುವೆ ತೊಟ್ಟಿಯ ನೀರು ಪೂರ್ತಿ ಬದಲು.

ಉಪ್ಪು ಬರುವುದು ನಿಂತಿತೇ ಎಂದು ನೋಡಲು ಬೆಳ್ಳಿ ನೈಟ್ರೇಟ್ ಹನಿ ಹಾಕುವ ವಿಧಾನ ಇದೆ, ಹಾಲಿನಂತೆ ಬಿಳಿಯಾದರೆ ಕ್ಲೋರೈಡ್ ಇದೆ ಎಂದರ್ಥ. ಇಲ್ಲೊಂದು ಎಡವುವ ಜಾಗ ಇದೆ: ತೊಟ್ಟಿಯ ಸೋಡಾ ನೀರಿಗೆ ನೇರವಾಗಿ ಹಾಕಿದರೆ ಉಪ್ಪಿಲ್ಲದಿದ್ದರೂ ಗಸಿ ಕೂರುತ್ತದೆ. ಮಾದರಿ ನೀರಿಗೆ ಮೊದಲು ದುರ್ಬಲ ನೈಟ್ರಿಕ್ ಆಮ್ಲ ಸೇರಿಸಿ ಗುಳ್ಳೆ ನಿಂತ ಮೇಲೇ ಹನಿ ಹಾಕಬೇಕು. ಅಷ್ಟು ಗೋಜು ಬೇಡವೆಂದರೆ ಕ್ಲೋರೈಡ್ ಅಳೆಯುವ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ನಲ್ಲಿ ನೀರಿನಲ್ಲೂ ಸ್ವಲ್ಪ ಕ್ಲೋರೈಡ್ ಇರುವುದರಿಂದ ಕೊನೆಯ ಎರಡು ತೊಟ್ಟಿಗೆ ಆರ್‌ಒ ಅಥವಾ ಡಿಸ್ಟಿಲ್ಡ್ ನೀರೇ ಬೇಕು.

ಮಾಡಬಾರದ್ದು ಕೆಲವಿವೆ. ಸ್ಟೇನ್‌ಲೆಸ್ ಸ್ಟೀಲನ್ನು ಧನ ಪಟ್ಟಿಯಾಗಿ ಬಳಸಬಾರದು, ಅದರಿಂದ ವಿಷಕಾರಿ ಆರು ವೇಲೆನ್ಸಿಯ ಕ್ರೋಮಿಯಂ ನೀರಿಗೆ ಸೇರುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಬಾರದು, ಕ್ಲೋರಿನ್ ಬರುತ್ತದೆ, ಬಿಡಿಸಬೇಕಾದ್ದನ್ನೇ ತುಂಬಿದಂತೆಯೂ ಆಗುತ್ತದೆ. ಅಲ್ಯೂಮಿನಿಯಂ, ಸತುವಿನ ಎರಕದ ಹಿಡಿ, ಲಾಂಛನಗಳು ಈ ತೊಟ್ಟಿಗೆ ಇಳಿಯಬಾರದು. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಲ್ಲೇ ಇಡಬೇಕು, ಕ್ಲಿಪ್ ತೆಗೆಯುವ ಮೊದಲು ಪ್ಲಗ್ ಕೀಳಬೇಕು. ಅದೇ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸಾಗಿಸುತ್ತದೆ. ಸ್ಪ್ರಿಂಗ್, 10.9 ಮತ್ತು ಅದಕ್ಕಿಂತ ಮೇಲಿನ ಬಲದ ದರ್ಜೆಯ ಬೋಲ್ಟ್ ಹಾಕಲೇಬೇಕಾದರೆ ಹೊರತೆಗೆದ ಕೂಡಲೇ 200 ಡಿಗ್ರಿ ಒಲೆಯಲ್ಲಿ ಕೆಲವು ಗಂಟೆ ಬೇಯಿಸಬೇಕು. ಸ್ಟಿಯರಿಂಗ್ ಭಾಗಗಳಿಗೆ ಈ ಸಾಹಸ ಬೇಡ, ಹೊಸದು ಹಾಕಿ.

ಬ್ಲಾಸ್ಟಿಂಗ್

ಇಡೀ ಬಾಡಿ ಡ್ರಮ್ಮಿನಲ್ಲಿ ಮುಳುಗುವುದಿಲ್ಲವಲ್ಲ, ಅಲ್ಲಿಗೆ ಬ್ಲಾಸ್ಟಿಂಗ್ ಸೇವೆ ಬೇಕೇ ಬೇಕು. ಕೇಳಬೇಕಾದ ಮೊದಲ ಮಾತು: ಒಣಗಿದ್ದೋ, ನೀರು ಬೆರೆಸಿದ್ದೋ? ನೀರು ಬೆರೆಸಿದ್ದೇ ಸರಿ, ಏಕೆಂದರೆ ಅದು ಹೊಡೆಯುತ್ತಲೇ ತೊಳೆಯುತ್ತದೆ. ಒಣ ಬ್ಲಾಸ್ಟಿಂಗ್ ಉಪ್ಪನ್ನು ಗುಳಿಯ ತಳಕ್ಕೆ ಇನ್ನಷ್ಟು ಬಡಿದು ಕೂರಿಸುವುದೂ ಉಂಟು. ಎರಡನೆಯದು, ಒತ್ತಡ. ಬಾನೆಟ್, ಛಾವಣಿಯಂಥ ಚಪ್ಪಟೆ ತಗಡಿಗೆ 40ರಿಂದ 60 ಪಿಎಸ್‌ಐ, ಸಣ್ಣ ಗಾರ್ನೆಟ್ ಖನಿಜದ ಕಾಳು, ಓರೆಯಾಗಿ. ನೇರ ಎದುರಿಗೆ ಒಂದೇ ಕಡೆ ಹೊಡೆದರೆ ತಗಡು ಅಲೆಯಲೆಯಾಗಿ ಹಿಗ್ಗಿ ಮತ್ತೆ ಸಮಕ್ಕೆ ಬರುವುದಿಲ್ಲ. ಬೇಕಿಂಗ್ ಸೋಡಾ ಬ್ಲಾಸ್ಟಿಂಗ್ ಪೇಂಟ್ ತೆಗೆಯುತ್ತದೆ, ತುಕ್ಕು ತೆಗೆಯುವುದಿಲ್ಲ. ಸಿಲಿಕಾ ಮರಳು ಶ್ವಾಸಕೋಶಕ್ಕೆ ಮಾರಕ. ಕಾರು ಸಿಕ್ಕ ದಂಡೆಯ ಮರಳನ್ನೇ ಜರಡಿ ಹಿಡಿದು ಬ್ಲಾಸ್ಟರಿಗೆ ತುಂಬುವ ಜಾಣತನವೂ ಕೆಲವರಿಗೆ ಹೊಳೆಯುತ್ತದೆ. ಅದು ಸಿಲಿಕಾ ಮತ್ತು ಉಪ್ಪು ಎರಡನ್ನೂ ಒಟ್ಟಿಗೆ ಕೊಡುವ ಕೊಡುಗೆ.

ಬ್ಲಾಸ್ಟಿಂಗ್ ಮುಗಿದ ಬಾಡಿಯೇ ಅತ್ಯುತ್ತಮ ಪರೀಕ್ಷಾ ಪತ್ರಿಕೆ. ತೊಳೆದು ಒಣಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೈತುಂಬ ಒಂದೇ ಸಮನೆ ತಿಳಿಗಂದು ಮೂಡಿದ್ದರೆ ಅದು ಗಾಳಿಯ ತೇವ, ಚಿಂತೆಯಿಲ್ಲ. ಬೂದುಬಣ್ಣದ ಲೋಹದ ಮೇಲೆ ಅಲ್ಲಲ್ಲಿ ಮೆಣಸಿನಕಾಳು ಚೆಲ್ಲಿದಂತೆ ಕಪ್ಪು ಚುಕ್ಕಿ ಎದ್ದಿದ್ದರೆ ಪ್ರತಿ ಚುಕ್ಕಿಯೂ ಉಪ್ಪಿನ ಗುಳಿ. ಅಲ್ಲಿ ಮತ್ತೆ ಬಿಸಿನೀರು, ಮತ್ತೆ ಬ್ಲಾಸ್ಟಿಂಗ್. ಈ ಒಂದು ರಾತ್ರಿಯನ್ನು ಉಳಿಸಲು ಹೋಗಿ ಅದೇ ಸಂಜೆ ಪ್ರೈಮರ್ ಹೊಡೆದ ಕಾರುಗಳೇ ವರ್ಷದೊಳಗೆ ಗುಳ್ಳೆ ಏಳುವುದು.

ಮೇಲೆ ಬಳಿಯುವವು

ಪಿಒಆರ್-15 ಥರದ ತುಕ್ಕಿನ ಮೇಲಿನ ಪೇಂಟು ಗಾಳಿಯ ತೇವ ಹೀರಿ ಗಟ್ಟಿಯಾಗುವ ಪಾಲಿಯುರೆಥೇನ್. ಗಡಸುತನದಲ್ಲಿ ಎದುರಿಲ್ಲ, ಸುತ್ತಿಗೆಯ ಏಟಿಗೂ ಸುಲಭಕ್ಕೆ ಸಿಡಿಯುವುದಿಲ್ಲ. ಅದು ಹಿಡಿದುಕೊಳ್ಳಲು ಒರಟು ಮೈ ಬೇಕು, ನುಣುಪು ಹೊಸ ತಗಡಿನ ಮೇಲೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಬಿಸಿಲಿಗೆ ಬಣ್ಣಗೆಡುವುದರಿಂದ ಮೇಲೆ ಇನ್ನೊಂದು ಕೋಟ್ ಬೇಕು. ಡಬ್ಬಿಯ ಅಂಚಿಗೆ ಪೇಂಟ್ ತಾಗಿಸಿ ಮುಚ್ಚಳ ಹಾಕಿದರೆ ಮತ್ತೆ ತೆರೆಯುವ ಆಸೆ ಬಿಡಿ, ನಡುವೆ ಪ್ಲಾಸ್ಟಿಕ್ ಹಾಳೆ ಇಡಬೇಕು. ಕೈಗೆ ತಾಗಿದ ಕಲೆ ಚರ್ಮ ಉದುರುವ ತನಕ ಇರುತ್ತದೆ. ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಸ್ಪ್ರೇ ಮಾಡುವವರಿಗೆ ಸರಿಯಾದ ರೆಸ್ಪಿರೇಟರ್ ಕಡ್ಡಾಯ. ಉಪ್ಪು ತೆಗೆದ ಚಾಸಿಗೆ ಇದು ಸೊಗಸು. ಉಪ್ಪಿರುವ ಚಾಸಿಗೆ ಮೇಲೆ ಥಳುಕು, ಒಳಗೆ ಹುಳುಕು. ಗಟ್ಟಿ ಪದರ ಹಾಗೇ ನಿಂತಿರುತ್ತದೆ, ಒಳಗಿನ ಲೋಹ ಕಾಣದಂತೆ ಕರಗುತ್ತಿರುತ್ತದೆ. ಕಾಣುವ ತುಕ್ಕಿಗಿಂತ ಇದು ಅಪಾಯ.

ಬಾಡಿಗೆ ಎರಡು ಭಾಗದ ಎಪಾಕ್ಸಿ ಪ್ರೈಮರೇ ಸರಿ, ಎರಡು ಕೋಟ್. ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಮೇಲೆ ಬಳಿದಂತಾಗುತ್ತದೆ. ಡಬ್ಬಿಯ ಮೇಲಿರುವ ಮರುಲೇಪದ ಅವಧಿ ಮೀರಿದರೆ ಉಜ್ಜಿ ಒರಟು ಮಾಡದೆ ಮುಂದಿನ ಕೋಟ್ ಹಾಕಬಾರದು. ಫಿಲ್ಲರ್ ಹಚ್ಚುವುದಿದ್ದರೆ ಎಪಾಕ್ಸಿಯ ಮೇಲೆ, ಬರಿ ತಗಡಿನ ಮೇಲಲ್ಲ.

ಯಾವ ಮದ್ದೂ ಉಳಿಸದವು: ವೈರಿಂಗ್, ಬ್ರೇಕ್ ಪೈಪು, ಬೇರಿಂಗು, ಇಂಧನ ಟ್ಯಾಂಕು. ತಂತಿಯ ತುದಿ ಕತ್ತರಿಸಿ ನೋಡಿದರೆ ತಾಮ್ರ ಕಪ್ಪಾಗಿರುತ್ತದೆ, ಉಪ್ಪುನೀರು ಪ್ಲಾಸ್ಟಿಕ್ಕಿನೊಳಗೆ ಬತ್ತಿಯಂತೆ ಏರಿರುತ್ತದೆ, ಎಷ್ಟು ಕತ್ತರಿಸಿದರೂ ಕಪ್ಪೇ. ಬೆಸುಗೆ ಹಿಡಿಯುವುದಿಲ್ಲ. ಗಾಜುಗಳು ಮಾತ್ರ ಚೆನ್ನಾಗಿರಬಹುದು, ಮರಳು ಗೀರಿರದಿದ್ದರೆ.

ಕೊನೆಯ ಡಬ್ಬಿ ಪೊಳ್ಳುಗಳೊಳಗೆ ಹೊಡೆಯುವ ಮೇಣ. ವ್ಯಾಕ್ಸಾಯ್ಲ್, ಡಿನಿಟ್ರೋಲ್‌ನಂಥ ಮೇಣದವು ಒಣಗಿ ಪದರವಾಗುತ್ತವೆ, ಫ್ಲೂಯಿಡ್ ಫಿಲ್ಮ್‌ನಂಥ ಉಣ್ಣೆಕೊಬ್ಬಿನವು ಒಣಗದೆ ಹರಿಯುತ್ತಲೇ ಇರುತ್ತವೆ. ಕಡಲ ಕಾರಿಗೆ ಹರಿಯುವುದೇ ಮೇಲು, ಮಡಿಕೆಯೊಳಗೆ ನಾವು ಕಾಣದ ಜಾಗಕ್ಕೂ ಅದು ತಾನಾಗಿ ಹೋಗುತ್ತದೆ, ಗೀರು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಸಹಜ ರಬ್ಬರಿನ ಬುಶ್ ಉಬ್ಬಿಸುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ವೆಲ್ಡಿಂಗ್ ಕೆಲಸ ಪೂರ್ತಿ ಮುಗಿದ ಮೇಲೇ ಇದು, ಯಾಕೆಂದರೆ ಪೊಳ್ಳಿನೊಳಗಿನ ಮೇಣಕ್ಕೆ ಕಿಡಿ ತಾಗಿದರೆ ಆರಿಸಲು ಕೈ ಹೋಗುವುದಿಲ್ಲ. ಡಬ್ಬಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ಇಟ್ಟು, ಸುತ್ತಲೂ ಚಿಮ್ಮುವ ನಳಿಗೆಯನ್ನು ಪೊಳ್ಳಿನ ತುದಿ ಮುಟ್ಟಿಸಿ ನಿಧಾನಕ್ಕೆ ಹಿಂದೆ ಎಳೆಯುತ್ತ ಹೊಡೆಯಿರಿ. ಡ್ರೈನ್ ರಂಧ್ರದಿಂದ ಮೇಣ ತೊಟ್ಟಿಕ್ಕಲು ಶುರುವಾದರೆ ಆ ಪೊಳ್ಳು ಮುಗಿಯಿತು. ಮರುದಿನ ಒಂದು ತಂತಿ ತೂರಿಸಿ ಆ ರಂಧ್ರವನ್ನು ಮತ್ತೆ ತೆರೆದಿಡಿ.